ನಮ್ಮ ಕಚೇರಿಯ ತಂತಿಗೂ ಒಂದು ಬಾಗಿಲು ಬೇಕು



ಸಂಘದ ಸಭೆ ಅಂದರೆ ನಮ್ಮೆಲ್ಲರ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಚಾಪೆ ಹಾಸಿ ಸುತ್ತಲೂ ಕೂತಿರುತ್ತೇವೆ. ನಡುವೆ ವಾರದ ಉಳಿತಾಯದ ದುಡ್ಡು, ಹಾಜರಿ ಪುಸ್ತಕ, ಠರಾವು ಪುಸ್ತಕ, ಸಾಲದ ಲೆಡ್ಜರ್. ಸಭೆ ಮುಗಿದ ಮೇಲೆ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತೇವೆ. ಎಷ್ಟೋ ಸಂಘಗಳಲ್ಲಿ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿಕೈ ಇನ್ನೊಬ್ಬರ ಹತ್ತಿರ. ಒಬ್ಬರ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇಲ್ಲ ಅಂತಲ್ಲ. ನಂಬಿಕೆ ಉಳಿಯಬೇಕು ಅಂತಲೇ ಈ ಪದ್ಧತಿ.

1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಆಗ ಲೆಕ್ಕವೆಲ್ಲ ಪುಸ್ತಕದಲ್ಲಿ ಇತ್ತು. 2015ರಲ್ಲಿ ನಬಾರ್ಡ್ ಇ-ಶಕ್ತಿ ಎಂಬ ಯೋಜನೆ ಶುರು ಮಾಡಿ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಹೊರಟಿತು. ಈಗ ಒಕ್ಕೂಟದ ಕಚೇರಿಗೆ ಹೋದರೆ ಸದಸ್ಯರ ಹೆಸರು, ಫೋಟೋ, ಆಧಾರ್ ಪ್ರತಿ, ಬ್ಯಾಂಕ್ ಖಾತೆ ನಂಬರು, ಯಾರು ಎಷ್ಟು ಸಾಲ ತೆಗೆದಿದ್ದಾರೆ, ಯಾರ ಕಂತು ಬಾಕಿ ಇದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತದೆ.

ಅಂದರೆ ಪೆಟ್ಟಿಗೆ ಬದಲಾಯಿತು. ಹಾಗಾದರೆ ಕೀಲಿ ಎಲ್ಲಿದೆ? ಈ ಲೇಖನ ಅದರ ಬಗ್ಗೆ. ಹೆಸರುಗಳು ಸ್ವಲ್ಪ ಹೊಸವು, ಆದರೆ ವಿಷಯ ನಮಗೆ ಹೊಸದಲ್ಲ. ಓಣಿ, ಬಾಗಿಲು, ಚೀಟಿ, ಹಾಜರಿ ಇಷ್ಟು ಗೊತ್ತಿದ್ದವರಿಗೆ ಇದೂ ಅರ್ಥವಾಗುತ್ತದೆ.

ಸ್ವಿಚ್ ಅಂದ್ರೇನ್ರಿ?

"ಸ್ವಿಚ್ ಅಂದ್ರ ಲೈಟಿನ ಬಟನ್ ಅಲ್ಲೇನ್ರಿ ಅಕ್ಕಾರ?" ಅಂತ ನೀವು ಕೇಳಬಹುದು. ಅದು ಬೇರೆ, ಇದು ಬೇರೆ. ಕಚೇರಿಯ ಮೂಲೆಯಲ್ಲಿ ಅಥವಾ ಗೋಡೆಯ ಮೇಲೆ ಒಂದು ಚಪ್ಪಟೆ ಡಬ್ಬಿ ಇರುತ್ತದೆ. ಅದರ ಮುಂದೆ ಸಾಲಾಗಿ ಚೌಕದ ತೂತುಗಳು. 8, 16 ಅಥವಾ 24 ಇರಬಹುದು. ಪ್ರತಿ ತೂತಿನ ಹತ್ತಿರ ಹಸಿರು ದೀಪ ಮಿಣಮಿಣ ಅನ್ನುತ್ತದೆ. ಆ ತೂತಿಗೆ ಪೋರ್ಟ್ ಅನ್ನುತ್ತಾರೆ. ಒಂದು ಪೋರ್ಟಿಗೆ ಲೆಕ್ಕದ ಕಂಪ್ಯೂಟರ್, ಇನ್ನೊಂದಕ್ಕೆ ಪ್ರಿಂಟರ್, ಮತ್ತೊಂದಕ್ಕೆ ಇಂಟರ್ನೆಟ್ಟಿನ ತಂತಿ. ಎಲ್ಲವನ್ನೂ ಒಂದಕ್ಕೊಂದು ಕೂಡಿಸುವ ಈ ಡಬ್ಬಿಯೇ ಸ್ವಿಚ್.

ಅದು ಕೆಲಸ ಮಾಡುವ ರೀತಿ ನಮ್ಮ ಊರಿನ ಹಳೆಯ ಅಂಚೆಯಣ್ಣನ ಹಾಗೆ. ಪ್ರತಿ ಕಂಪ್ಯೂಟರಿಗೂ, ಪ್ರಿಂಟರಿಗೂ ತಯಾರಾಗುವಾಗಲೇ ಒಂದು ನಂಬರು ಕೊಟ್ಟಿರುತ್ತಾರೆ. ಅದು ಹನ್ನೆರಡು ಅಂಕಿ-ಅಕ್ಷರಗಳ ನಂಬರು, ಅದಕ್ಕೆ ಮ್ಯಾಕ್ ವಿಳಾಸ ಎಂದು ಹೆಸರು. ಯಾವ ವಿಳಾಸದವರು ಯಾವ ಪೋರ್ಟಿನಲ್ಲಿ ಇದ್ದಾರೆ ಎಂಬುದನ್ನು ಸ್ವಿಚ್ ನೋಡಿ ನೋಡಿ ಕಲಿಯುತ್ತದೆ. ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸುಮಾರು 5 ನಿಮಿಷ ಒಬ್ಬರ ದನಿಯೇ ಕೇಳದಿದ್ದರೆ ಅವರ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಹೆಚ್ಚಿನ ಸ್ವಿಚ್‌ಗಳ ರೂಢಿ. ಪತ್ರ ಬಂದಾಗ ಪಟ್ಟಿ ನೋಡಿ ಸರಿಯಾದ ಪೋರ್ಟಿಗೆ ಮಾತ್ರ ಕಳಿಸುತ್ತದೆ. ವಿಳಾಸ ಗೊತ್ತಿಲ್ಲದಿದ್ದರೆ ಎಲ್ಲ ಪೋರ್ಟಿಗೂ ಕಳಿಸುತ್ತದೆ, ಯಾರದೋ ಅವರು ತಗೊಳ್ಳಲಿ ಅಂತ.

ಇದಲ್ಲದೆ ಕಂಪ್ಯೂಟರುಗಳು ಆಗಾಗ ಡಂಗುರ ಸಾರುತ್ತಿರುತ್ತವೆ. "ನಾನು ಹೊಸಬ, ನನಗೊಂದು ನಂಬರು ಕೊಡ್ರಿ." "ಪ್ರಿಂಟರ್ ಎಲ್ಲಿದ್ದೀ?" ಇಂಥ ಡಂಗುರ ಎಲ್ಲ ಪೋರ್ಟಿಗೂ ಕೇಳಿಸುತ್ತದೆ.

ಎಲ್ಲರೂ ಒಂದೇ ಅಂಗಳದಾಗ ಇದ್ರ ಏನಾಗ್ತದ?

ಮುಧೋಳ ತಾಲೂಕಿನ ಒಂದು ಒಕ್ಕೂಟದ ಕಚೇರಿ ಅಂತ ಇಟ್ಟುಕೊಳ್ಳೋಣ. ಇದು ತಿಳಿವಳಿಕೆಗಾಗಿ ಕಟ್ಟಿದ ಉದಾಹರಣೆ. ಎರಡು ಕೋಣೆ. ಒಂದರಲ್ಲಿ ಲೆಕ್ಕ ಬರೆಯುವ ಇಬ್ಬರು ಅಕ್ಕಂದಿರು. ಇನ್ನೊಂದರಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ತರಬೇತಿ, ಹತ್ತು-ಹನ್ನೆರಡು ಯಂತ್ರ. ಒಂದು ಪ್ರಿಂಟರ್. ಬಾಗಿಲ ಮೇಲೆ, ವರಾಂಡಾದಲ್ಲಿ ಕ್ಯಾಮೆರಾ. ಎಲ್ಲದಕ್ಕೂ ಒಂದೇ ಸ್ವಿಚ್.

ಒಂದು ದಿನ ಯಾರೋ ಪರಿಚಯದ ಹುಡುಗ ಬಂದ. "ಅಕ್ಕಾರ, ಐದ್ ನಿಮಿಷ ನೆಟ್ ಬೇಕಾಗಿತ್ರಿ" ಅಂತ ಲ್ಯಾಪ್‌ಟಾಪ್ ತೆಗೆದು ಖಾಲಿ ಪೋರ್ಟಿಗೆ ತಂತಿ ಚುಚ್ಚಿದ. ಹುಡುಗ ಒಳ್ಳೆಯವನೇ ಇರಬಹುದು. ಅವನ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದದ್ದು ಅವನಿಗೇ ಗೊತ್ತಿಲ್ಲದೆ ಇರಬಹುದು. ಆ ಕ್ಷಣದಿಂದ ಅವನ ಯಂತ್ರ ಲೆಕ್ಕದ ಯಂತ್ರದ ಪಕ್ಕದಲ್ಲೇ ಕೂತಂತೆ. ಲೆಕ್ಕದ ಕಂಪ್ಯೂಟರಿನಲ್ಲಿ ಎಲ್ಲರಿಗೂ ತೆರೆದಿಟ್ಟ ಫೋಲ್ಡರ್ ಇದ್ದರೆ ಅದು ಅವನಿಗೂ ಕಾಣುತ್ತದೆ. ಕ್ಯಾಮೆರಾಕ್ಕೆ ಕಂಪನಿ ಕೊಟ್ಟ ಹಳೆಯ ಪಾಸ್‌ವರ್ಡೇ ಇದ್ದರೆ ಅದನ್ನೂ ತೆರೆಯಬಹುದು. ಬಲ್ಲವನಾದರೆ "ನಾನೇ ಇಂಟರ್ನೆಟ್ಟಿನ ಬಾಗಿಲು" ಎಂದು ಬೇರೆ ಯಂತ್ರಗಳಿಗೆ ಸುಳ್ಳು ಹೇಳಿ, ಅವುಗಳ ಮಾತು ತನ್ನ ಮೂಲಕವೇ ಹೋಗುವಂತೆ ಮಾಡಬಹುದು.

ಬ್ಯಾಂಕಿನ ವೆಬ್‌ಸೈಟು, ಆಪ್‌ಗಳ ಮಾತು ಗುಪ್ತಲಿಪಿಯಲ್ಲಿ ಹೋಗುವುದರಿಂದ ಅದನ್ನು ಓದುವುದು ಸುಲಭವಲ್ಲ. ಆದರೆ ನಮ್ಮ ಕಚೇರಿಯೊಳಗಿನ ಫೋಲ್ಡರು, ಪ್ರಿಂಟರು, ಕ್ಯಾಮೆರಾ ಇವಕ್ಕೆ ಅಂಥ ರಕ್ಷಣೆ ಬಹಳ ಸಲ ಇರುವುದಿಲ್ಲ.

ಇಲ್ಲಿ ಹೋಗುವುದು ಬರೀ ಕಾಗದವಲ್ಲ. ಒಬ್ಬ ಸಹೋದರಿ ಮಗಳ ಮದುವೆಗೆ, ಗಂಡನ ಆಸ್ಪತ್ರೆಗೆ ಸಾಲ ಮಾಡಿರುತ್ತಾಳೆ. ಸಭೆಯಲ್ಲಿ ನಮ್ಮ ಮುಂದೆ ಹೇಳಿಕೊಂಡ ಕಷ್ಟ ಅದು. ಅದು ಊರ ಕಟ್ಟೆಯ ಮೇಲೆ ಮಾತಾಗಬಾರದು. ಆಧಾರ್ ಪ್ರತಿ, ಫೋಟೋ, ಖಾತೆ ನಂಬರು ಕಳ್ಳರ ಕೈಗೆ ಸಿಕ್ಕರೆ ಅವಳ ಹೆಸರಿನಲ್ಲಿ ಮೋಸವಾಗಬಹುದು. ಜನರ ವೈಯಕ್ತಿಕ ಮಾಹಿತಿ ಇಟ್ಟುಕೊಂಡವರು ಅದನ್ನು ಕಾಪಾಡಬೇಕು ಎಂದು 2023ರಲ್ಲಿ ಸಂಸತ್ತು ಕಾನೂನನ್ನೂ ಮಾಡಿದೆ.

ಮೊದಲನೆಯ ಉಪಾಯ: ಓಣಿ ಮಾಡುವುದು

ಒಂದೇ ಊರಿನಲ್ಲಿ ಬೇರೆ ಬೇರೆ ಓಣಿ ಇರುವಂತೆ, ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಓಣಿ ಮಾಡಬಹುದು. ಈ ಓಣಿಗೆ ವಿಲ್ಯಾನ್ ಎನ್ನುತ್ತಾರೆ. ಡಬ್ಬಿ ಒಂದೇ, ತಂತಿಯೂ ಹೊಸದು ಬೇಕಿಲ್ಲ. ಆದರೆ ಒಂದು ಓಣಿಯ ಡಂಗುರ ಇನ್ನೊಂದು ಓಣಿಗೆ ಕೇಳುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡೇವಿಡ್ ಸಿಂಕೋಸ್ಕಿ ಎಂಬ ಎಂಜಿನಿಯರ್ ಈ ವಿಚಾರವನ್ನು ಬೆಳೆಸಿದರು. 1998ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಇದಕ್ಕೆ 802.1ಕ್ಯೂ ಎಂಬ ನಿಯಮ ಮಾಡಿತು. ಆದ್ದರಿಂದ ಯಾವ ಕಂಪನಿಯ ಸ್ವಿಚ್ ಆದರೂ ಓಣಿಯ ಭಾಷೆ ಒಂದೇ.

ಓಣಿಗೆ ಹೆಸರಿನ ಜೊತೆ ನಂಬರೂ ಇರುತ್ತದೆ. 1ರಿಂದ 4094ರವರೆಗೆ ಯಾವುದಾದರೂ ಕೊಡಬಹುದು. ಹೊಸ ಸ್ವಿಚ್ ತಂದಾಗ ಎಲ್ಲ ಪೋರ್ಟುಗಳೂ 1ನೇ ಓಣಿಯಲ್ಲೇ ಇರುತ್ತವೆ. ಅಂದರೆ ಯಾರೂ ಏನೂ ಮಾಡದಿದ್ದರೆ ಎಲ್ಲರೂ ಒಂದೇ ಅಂಗಳದಲ್ಲಿ.

ನಮ್ಮ ಉದಾಹರಣೆಯ ಕಚೇರಿಗೆ 24 ಪೋರ್ಟಿನ ಸ್ವಿಚ್ ಇದ್ದರೆ ಹೀಗೆ ಹಂಚಬಹುದು:

- 10ನೇ ಓಣಿ, ಲೆಕ್ಕ: ಪೋರ್ಟ್ 1ರಿಂದ 4
- 20ನೇ ಓಣಿ, ತರಬೇತಿ: ಪೋರ್ಟ್ 5ರಿಂದ 16
- 30ನೇ ಓಣಿ, ಪ್ರಿಂಟರ್: ಪೋರ್ಟ್ 17
- 40ನೇ ಓಣಿ, ಕ್ಯಾಮೆರಾ: ಪೋರ್ಟ್ 18ರಿಂದ 20
- 50ನೇ ಓಣಿ, ಅತಿಥಿಗಳು: ಬರೀ ಇಂಟರ್ನೆಟ್, ಒಳಗಿನ ಯಾವುದೂ ಕಾಣದು. ಇದಕ್ಕೆ ಸ್ವಂತ ಪೋರ್ಟ್ ಇಲ್ಲ
- 99ನೇ ಓಣಿ, ಸ್ವಿಚ್ಚಿನ ಉಸ್ತುವಾರಿ ಮತ್ತು ಹೆಸರಿನ ಪಟ್ಟಿ ಇಟ್ಟುಕೊಂಡ ಯಂತ್ರ: ಪೋರ್ಟ್ 23
- ಪೋರ್ಟ್ 24: ಹೊರಗಿನ ಇಂಟರ್ನೆಟ್ ಡಬ್ಬಿಗೆ, ಅಂದರೆ ರೌಟರಿಗೆ ಹೋಗುವ ಮುಖ್ಯ ತಂತಿ
- ಪೋರ್ಟ್ 21, 22: ಖಾಲಿ, ಬಂದ್ ಮಾಡಿ ಇಡುವುದು

ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಅಗಸಿ ಇರಬೇಕು. ಆ ಅಗಸಿಯೇ ರೌಟರ್. ಇಲ್ಲೇ ಬಹಳ ಜನ ತಪ್ಪುವುದು. ಓಣಿ ಮಾಡಿ, ಅಗಸಿಯನ್ನು ಹಾರು ಹೊಡೆದು ಇಟ್ಟರೆ ಓಣಿ ಮಾಡಿಯೂ ಉಪಯೋಗವಿಲ್ಲ. "ತರಬೇತಿ ಓಣಿಯಿಂದ ಪ್ರಿಂಟರಿಗೆ ಹೋಗಬಹುದು, ಲೆಕ್ಕದ ಓಣಿಗೆ ಹೋಗುವಂತಿಲ್ಲ" ಎಂದು ರೌಟರಿನಲ್ಲಿ ಒಂದೊಂದೇ ನಿಯಮ ಬರೆಸಬೇಕು.

ಚೀಟಿ ಅಂಟಿಸಿದ ಚೀಲ

"ಅಲ್ರೀ, ಆರು ಓಣಿ ಅಂತೀರಿ, ರೌಟರಿಗೆ ಹೋಗೂ ತಂತಿ ಒಂದ ಐತಿ. ಯಾವ ಮಾತು ಯಾವ ಓಣೀದು ಅಂತ ಹೆಂಗ ತಿಳೀತದ?" ಒಳ್ಳೆಯ ಪ್ರಶ್ನೆ.

ಮುಧೋಳ ಬಸ್ ನಿಲ್ದಾಣದಿಂದ ಒಂದೇ ಬಸ್ಸಿನಲ್ಲಿ ಜಮಖಂಡಿ, ರಬಕವಿ, ಬನಹಟ್ಟಿಗೆ ಹೋಗುವ ಗಂಟುಗಳನ್ನು ಹಾಕಿದ್ದೀರಿ ಅನ್ನಿ. ಪ್ರತಿ ಗಂಟಿನ ಮೇಲೆ ಊರಿನ ಹೆಸರಿನ ಚೀಟಿ ಇದ್ದರೆ ಗೊಂದಲವಿಲ್ಲ. ಇಲ್ಲಿಯೂ ಹಾಗೆಯೇ. ಮುಖ್ಯ ತಂತಿಯ ಮೇಲೆ ಹೋಗುವ ಪ್ರತಿ ತುಣುಕಿಗೂ ಸ್ವಿಚ್ ಓಣಿಯ ನಂಬರಿನ ಸಣ್ಣ ಚೀಟಿ ಅಂಟಿಸುತ್ತದೆ. ಆ ಕಡೆಯವರು ಚೀಟಿ ನೋಡಿ ಬೇರೆ ಮಾಡುತ್ತಾರೆ. ಹೀಗೆ ಚೀಟಿ ಸಮೇತ ಎಲ್ಲ ಓಣಿಗಳನ್ನು ಹೊರುವ ಪೋರ್ಟಿಗೆ ಟ್ರಂಕ್ ಅನ್ನುತ್ತಾರೆ. ಕಂಪ್ಯೂಟರ್ ಜೋಡಿಸುವ ಸಾದಾ ಪೋರ್ಟಿಗೆ ಆಕ್ಸೆಸ್ ಪೋರ್ಟ್ ಅನ್ನುತ್ತಾರೆ. ಅಲ್ಲಿ ಚೀಟಿ ಇರುವುದಿಲ್ಲ, ಯಾಕೆಂದರೆ ಆ ಪೋರ್ಟಿಗೆ ಓಣಿ ಒಂದೇ.

ಎರಡನೆಯ ಉಪಾಯ: ಬಾಗಿಲಲ್ಲಿ "ಯಾರು?" ಅಂತ ಕೇಳುವುದು

ಓಣಿ ಮಾಡಿದ್ದಾಯಿತು. ಆದರೆ ಯಾರೋ ಬಂದು ಲೆಕ್ಕದ ಕೋಣೆಯಲ್ಲಿ 3ನೇ ಪೋರ್ಟಿಗೆ ತಂತಿ ಚುಚ್ಚಿದರೆ? ಅವನು ನೇರವಾಗಿ ಲೆಕ್ಕದ ಓಣಿಗೇ ಬಂದ. ಓಣಿ ಇದೆ, ಬಾಗಿಲಲ್ಲಿ ಕೇಳುವವರಿಲ್ಲ.

ಇದಕ್ಕಾಗಿ 2001ರಲ್ಲಿ ಅದೇ ಐಇಇಇ ಸಂಸ್ಥೆ 802.1ಎಕ್ಸ್ ಎಂಬ ನಿಯಮ ತಂದಿತು. ಇದರ ಪ್ರಕಾರ ತಂತಿ ಚುಚ್ಚಿದ ಕೂಡಲೇ ಪೋರ್ಟ್ ತೆರೆಯುವುದಿಲ್ಲ. "ನೀವು ಯಾರು?" ಎಂಬ ಪ್ರಶ್ನೆ ಮತ್ತು ಅದರ ಉತ್ತರ ಇಷ್ಟಕ್ಕೆ ಮಾತ್ರ ಕಿಂಡಿ ತೆರೆದಿರುತ್ತದೆ. ಬೇರೆ ಯಾವ ಮಾತೂ ಒಳಗೆ ಹೋಗದು. ಇದರಲ್ಲಿ ಮೂವರು ಪಾತ್ರಧಾರಿಗಳು:

1. ಕೇಳಿಕೊಂಡು ಬಂದವರು: ಅಂದರೆ ಆ ಕಂಪ್ಯೂಟರ್. ತನ್ನ ಹೆಸರು, ಪಾಸ್‌ವರ್ಡ್ ಅಥವಾ ಪ್ರಮಾಣಪತ್ರ ಕೊಡಬೇಕು.
2. ಬಾಗಿಲಲ್ಲಿ ನಿಂತವರು: ಅಂದರೆ ಸ್ವಿಚ್. ಇದು ತಾನೇ ತೀರ್ಮಾನ ಮಾಡುವುದಿಲ್ಲ. ಕೇಳಿದ್ದನ್ನು ಒಳಗೆ ಒಯ್ದು ಮುಟ್ಟಿಸುತ್ತದೆ.
3. ಪಟ್ಟಿ ಇಟ್ಟುಕೊಂಡವರು: ರೇಡಿಯಸ್ ಸರ್ವರ್ ಎಂಬ ಯಂತ್ರ. ಹೆಸರು ಇದೆಯೇ, ಗುರುತು ಸರಿಯೇ ನೋಡಿ "ಬಿಡ್ರಿ" ಅಥವಾ "ಬ್ಯಾಡ್ರಿ" ಅನ್ನುತ್ತದೆ.

ಸಂಘದ ಖಾತೆಯಿಂದ ದುಡ್ಡು ತೆಗೆಯುವ ಹಾಗೆಯೇ ಇದು. ಕೌಂಟರಿನವರು ಮುಖ ನೋಡಿ ದುಡ್ಡು ಕೊಡುವುದಿಲ್ಲ. ಸಹಿಯನ್ನು ಬ್ಯಾಂಕಿನಲ್ಲಿರುವ ಮಾದರಿ ಸಹಿಗೆ ಹೋಲಿಸಿ ನೋಡಿ ಆಮೇಲೆ ಕೊಡುತ್ತಾರೆ.

ಇನ್ನೊಂದು ಅನುಕೂಲವಿದೆ. ಪಟ್ಟಿ ಇಟ್ಟುಕೊಂಡವರು "ಬಿಡ್ರಿ" ಅನ್ನುವಾಗ "10ನೇ ಓಣಿಗೆ ಬಿಡ್ರಿ" ಎಂದೂ ಹೇಳಬಹುದು. ಆಗ ಲೆಕ್ಕದ ಅಕ್ಕ ತನ್ನ ಯಂತ್ರವನ್ನು ತರಬೇತಿ ಕೋಣೆಯಲ್ಲಿ ಚುಚ್ಚಿದರೂ ತನ್ನ ಓಣಿಗೇ ಹೋಗುತ್ತಾಳೆ. ಗುರುತು ಇಲ್ಲದವರು ಯಾವ ಪೋರ್ಟಿಗೆ ಚುಚ್ಚಿದರೂ 50ನೇ ಅತಿಥಿ ಓಣಿಗೆ ಹೋಗುವಂತೆ ಮಾಡಬಹುದು. ಬಂದವರಿಗೆ ನೀರು ಕೊಟ್ಟು ಕಟ್ಟೆಯ ಮೇಲೆ ಕೂರಿಸುತ್ತೇವೆ, ಅಡುಗೆಮನೆಗೆ ಬಿಡುವುದಿಲ್ಲ, ಹಾಗೆ.

ಇದು ನಮ್ಮ ನಾಡಿಗೆ ಹೊಸದಲ್ಲ

ಉತಾರ ತೆಗೆಸಲು ತಹಶೀಲ್ದಾರ್ ಕಚೇರಿಗೆ ಹೋಗಿದ್ದೀರಲ್ಲವೇ? ಮೊದಲು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ಪಹಣಿ ಇಟ್ಟಿರುತ್ತಿದ್ದರು. ಪುಸ್ತಕದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದು ಬಡ ರೈತನಿಗೆ ತಿಳಿಯುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು, ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಉತಾರ ಸಿಗುತ್ತಿತ್ತು.

ಆ ಯೋಜನೆಯಲ್ಲಿ ನಾವು ಗಮನಿಸಬೇಕಾದ ಮಾತು ಬೇರೆ ಇದೆ. ಅಲ್ಲಿನ ಸಿಬ್ಬಂದಿ ಬರೀ ಪಾಸ್‌ವರ್ಡ್ ಹೊಡೆದು ದಾಖಲೆ ತಿದ್ದುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹೋಗುತ್ತದೆ, ಬೆರಳು ಹೋಗುವುದಿಲ್ಲ. ಯಾರು ತಿದ್ದಿದರು ಎಂಬುದು ದಾಖಲಾಗುವುದರಿಂದ "ನಾನು ಮಾಡಿಲ್ಲ" ಅನ್ನುವುದು ಕಷ್ಟ.

ಬಾಗಿಲಲ್ಲಿ ಕೇಳುವುದು, ಹೆಸರು ಬರೆದಿಡುವುದು ಎರಡೂ ಕೂಡಿದಾಗ ಮಾತ್ರ ಕಾವಲು ಪೂರ್ತಿ. ರೇಡಿಯಸ್ ಸರ್ವರ್ ಕೂಡ ಯಾರು ಎಷ್ಟು ಗಂಟೆಗೆ, ಯಾವ ಪೋರ್ಟಿನಿಂದ ಒಳಗೆ ಬಂದರು ಎಂದು ಬರೆದಿಡಬಲ್ಲದು. ಅದು ನಮ್ಮ ಹಾಜರಿ ಪುಸ್ತಕವಿದ್ದಂತೆ.

ಈಗ ಹಳ್ಳಿಗೂ ತಂತಿ ಬಂದಿದೆ. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಎಂದಾಯಿತು. ಪಂಚಾಯತಿ ಕಟ್ಟಡದಲ್ಲೇ ಒಕ್ಕೂಟಕ್ಕೆ ಕೋಣೆ ಇರುವ ಕಡೆ, ಒಂದೇ ತಂತಿಯನ್ನು ಪಂಚಾಯತಿ, ಗ್ರಂಥಾಲಯ, ಒಕ್ಕೂಟ ಮೂವರೂ ಬಳಸುವ ಪ್ರಸಂಗ ಬರಬಹುದು. ಅಲ್ಲಿ ಓಣಿ ಬೇರೆ ಬೇರೆ ಇರುವುದು ಇನ್ನೂ ಅಗತ್ಯ.

ಕೆಲಸ ಮಾಡಿಸುವ ಕ್ರಮ

ಇದನ್ನು ನಾವೇ ಮಾಡಬೇಕಿಲ್ಲ, ತಿಳಿದ ತಂತ್ರಜ್ಞರು ಮಾಡುತ್ತಾರೆ. ಆದರೆ ಮನೆ ಕಟ್ಟಿಸುವಾಗ ಗೌಂಡಿ ಕೆಲಸ ಬಾರದಿದ್ದರೂ ಮುಂದೆ ನಿಂತು ನೋಡುತ್ತೇವಲ್ಲ, ಹಾಗೆ ಕ್ರಮ ಗೊತ್ತಿರಬೇಕು.

1. ಮೊದಲು ಕಾಗದದ ಮೇಲೆ ಚಿತ್ರ ಬರೆಯಿರಿ. ಯಾವ ಪೋರ್ಟಿಗೆ ಯಾವ ಯಂತ್ರ, ಯಾವ ಓಣಿ. ಪ್ರತಿ ತಂತಿಗೂ ನಂಬರಿನ ಚೀಟಿ ಅಂಟಿಸಿ.
2. ಸ್ವಿಚ್ ಕೊಳ್ಳುವಾಗ "ಮ್ಯಾನೇಜ್ಡ್" ಇದೆಯೇ, 802.1ಕ್ಯೂ ಮತ್ತು 802.1ಎಕ್ಸ್ ಎರಡೂ ಇವೆಯೇ ಕೇಳಿ. ಬಹಳ ಅಗ್ಗದ ಸಾದಾ ಸ್ವಿಚ್‌ನಲ್ಲಿ ಇವೆರಡೂ ಇರುವುದಿಲ್ಲ.
3. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಆ ದಿನವೇ ಬದಲಿಸಿ.
4. ಓಣಿಗಳನ್ನು ಹುಟ್ಟಿಸಿ, ಹೆಸರು ಕೊಟ್ಟು, ಪೋರ್ಟುಗಳನ್ನು ಆಯಾ ಓಣಿಗೆ ಹಾಕುವುದು.
5. 24ನೇ ಪೋರ್ಟನ್ನು ಟ್ರಂಕ್ ಮಾಡಿ, ಬೇಕಾದ ಓಣಿಗಳನ್ನು ಮಾತ್ರ ಅದರ ಮೇಲೆ ಬಿಡುವುದು.
6. ರೌಟರಿನಲ್ಲಿ ಪ್ರತಿ ಓಣಿಗೂ ಬೇರೆ ವಿಳಾಸ ಕೊಟ್ಟು, ಯಾರು ಎಲ್ಲಿಗೆ ಹೋಗಬಹುದು ಎಂಬ ನಿಯಮ ಬರೆಯುವುದು. ಇಲ್ಲಿಗೆ ಓಣಿಯ ಕೆಲಸ ಮುಗಿಯಿತು. ಎಲ್ಲ ಸರಿ ಇದೆಯೇ ನೋಡಿ.
7. ಈಗ ಬಾಗಿಲ ಕೆಲಸ. ರೇಡಿಯಸ್ ಸರ್ವರಿಗೆ ಒಂದು ಯಂತ್ರ ಬೇಕು. ಫ್ರೀರೇಡಿಯಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸಿಬ್ಬಂದಿಯ ಹೆಸರು, ಗುರುತು, ಓಣಿಯ ನಂಬರು ಬರೆಯುವುದು.
8. ಆ ಸರ್ವರಿನ ವಿಳಾಸವನ್ನು ಸ್ವಿಚ್ಚಿಗೆ ಹೇಳುವುದು. ಸ್ವಿಚ್ ಮತ್ತು ಸರ್ವರ್ ನಡುವೆ ಒಂದು ಗುಟ್ಟಿನ ಪದ ಇರುತ್ತದೆ. ಎರಡೂ ಕಡೆ ಒಂದೇ ಇರಬೇಕು, ಒಂದು ಅಕ್ಷರ ತಪ್ಪಿದರೂ ಯಾರಿಗೂ ಬಾಗಿಲು ತೆರೆಯದು.
9. ವಿಂಡೋಸ್ ಕಂಪ್ಯೂಟರಿನಲ್ಲಿ ವೈರ್ಡ್ ಆಟೋಕಾನ್ಫಿಗ್ ಎಂಬ ಸೇವೆ ಸಾಮಾನ್ಯವಾಗಿ ತಾನಾಗಿ ಚಾಲೂ ಆಗುವುದಿಲ್ಲ. ಅದನ್ನು ಚಾಲೂ ಮಾಡದಿದ್ದರೆ ಕಂಪ್ಯೂಟರ್ ಬಾಗಿಲಲ್ಲಿ ಉತ್ತರವನ್ನೇ ಕೊಡುವುದಿಲ್ಲ.
10. ಮೊದಲು ಒಂದೇ ಪೋರ್ಟಿನಲ್ಲಿ ಪರೀಕ್ಷೆ. ಸರಿಯಾದ ಗುರುತು ಕೊಟ್ಟು ನೋಡಿ, ತಪ್ಪು ಗುರುತು ಕೊಟ್ಟು ನೋಡಿ, ಗುರುತೇ ಕೊಡದೆ ನೋಡಿ. ಮೂರೂ ಸರಿಯಾದ ಮೇಲೆ ಉಳಿದ ಪೋರ್ಟುಗಳಿಗೆ ಹಾಕಿ. ಸರ್ವರ್ ಇರುವ 23ನೇ ಪೋರ್ಟಿಗೂ, ಮುಖ್ಯ ತಂತಿಯ 24ನೇ ಪೋರ್ಟಿಗೂ ಈ ಕಾವಲು ಹಾಕಬಾರದು. ಪಟ್ಟಿ ಇಟ್ಟುಕೊಂಡವರನ್ನೇ ಹೊರಗೆ ನಿಲ್ಲಿಸಿದರೆ ಉಳಿದವರನ್ನು ಒಳಗೆ ಬಿಡುವವರು ಯಾರು?
11. ಖಾಲಿ ಪೋರ್ಟುಗಳನ್ನು ಬಂದ್ ಮಾಡಿ.
12. ಕೊನೆಗೆ "ಸೇವ್" ಮಾಡಿಸಿ. ಎಷ್ಟೋ ಸ್ವಿಚ್‌ಗಳಲ್ಲಿ ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ನಮ್ಮ ಕಡೆ ಕರೆಂಟಿನ ಸ್ಥಿತಿ ಹೇಳಬೇಕಿಲ್ಲ. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ.

ಎಲ್ಲಿ ತಪ್ಪುತ್ತದೆ?

ಪ್ರಿಂಟರ್, ಕ್ಯಾಮೆರಾಗಳಲ್ಲಿ ಹಲವಕ್ಕೆ ಈ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ. ಅವುಗಳ ಮ್ಯಾಕ್ ವಿಳಾಸವನ್ನೇ ಪಟ್ಟಿಯಲ್ಲಿ ಬರೆದು ಒಳಗೆ ಬಿಡುತ್ತಾರೆ. ಆದರೆ ಮ್ಯಾಕ್ ವಿಳಾಸವನ್ನು ನಕಲು ಮಾಡಬಹುದು. ಕ್ಯಾಮೆರಾದ ತಂತಿ ಕಿತ್ತು, ಅದರ ವಿಳಾಸ ಹಾಕಿಕೊಂಡ ಲ್ಯಾಪ್‌ಟಾಪ್ ಜೋಡಿಸಿದರೆ ಬಾಗಿಲು ಮೋಸಹೋಗುತ್ತದೆ. ಅದಕ್ಕೇ ಅವುಗಳಿಗೆ ಬೇರೆ ಓಣಿ. ಕಳ್ಳ ಬಂದರೂ ಕ್ಯಾಮೆರಾ ಓಣಿಯಲ್ಲೇ ಸಿಕ್ಕಿಕೊಳ್ಳುತ್ತಾನೆ, ಲೆಕ್ಕದ ಓಣಿಗೆ ಹೋಗಲಾರ.

ಇನ್ನೊಂದು, ಒಂದು ಪೋರ್ಟಿಗೆ ಇನ್ನೊಂದು ಸಣ್ಣ ಸ್ವಿಚ್ ಜೋಡಿಸಿ ನಾಲ್ಕು ಯಂತ್ರ ಹಾಕುವುದು. ಒಬ್ಬರು ಗುರುತು ಕೊಟ್ಟರೆ ಅವರ ಹಿಂದೆ ಮೂವರು ನುಸುಳಬಹುದು. "ಒಂದು ಪೋರ್ಟಿಗೆ ಒಂದೇ ಯಂತ್ರ" ಎಂದು ಕಟ್ಟುನಿಟ್ಟು ಮಾಡಿಸಿ. ಮನೆಯ ವೈಫೈ ಡಬ್ಬಿಯನ್ನು ತಂದು ಚುಚ್ಚುವುದೂ ಬೇಡ. ಅದು ತಾನೇ ಎಲ್ಲರಿಗೂ ತಪ್ಪು ನಂಬರು ಹಂಚಲು ಶುರು ಮಾಡಿ ಕಚೇರಿಯ ನೆಟ್ಟೇ ನಿಂತುಹೋಗಬಹುದು.

ಮೂರನೆಯದು, ರೇಡಿಯಸ್ ಸರ್ವರ್ ಕೆಟ್ಟರೆ ಹೊಸದಾಗಿ ಯಾರೂ ಒಳಗೆ ಹೋಗಲಾಗದು. ಸಾಲ ವಿತರಣೆಯ ದಿನವೇ ಹೀಗಾದರೆ? ಆ ಹೊತ್ತಿಗೆ ಏನು ಮಾಡಬೇಕೆಂದು ಮೊದಲೇ ಬರೆದಿಡಿಸಿ, ಸರ್ವರಿಗೂ ಸ್ವಿಚ್ಚಿಗೂ ಯುಪಿಎಸ್ ಇಡಿ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದರೆ ಈ ಎಲ್ಲ ಕಾವಲೂ ವ್ಯರ್ಥ. ಕೆಲಸ ಬಿಟ್ಟು ಹೋದವರ ಹೆಸರನ್ನು ಅಂದೇ ಪಟ್ಟಿಯಿಂದ ತೆಗೆಯಿರಿ. ಇದರಲ್ಲಿ ಸಿಟ್ಟು-ಸಂಶಯದ ಮಾತಿಲ್ಲ. ಪ್ರತಿನಿಧಿ ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಿಸುತ್ತೇವಲ್ಲ, ಅದೇ ರೀತಿ.

ಒಬ್ಬ ಹೆಣ್ಣುಮಗಳ ಕೆಲಸ

"ಇವೆಲ್ಲ ಗಂಡಸರ ಕೆಲಸ" ಅನ್ನುವವರಿಗೆ ಒಂದು ಮಾತು. ಯಾರೋ ಗೊತ್ತಿಲ್ಲದೆ ಒಂದೇ ತಂತಿಯ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಡಂಗುರ ಸುತ್ತುತ್ತಲೇ ಇರುತ್ತದೆ, ನಿಲ್ಲುವುದೇ ಇಲ್ಲ. ಕೆಲವೇ ಕ್ಷಣಗಳಲ್ಲಿ ಕಚೇರಿಯ ಜಾಲವೆಲ್ಲ ಉಸಿರುಗಟ್ಟುತ್ತದೆ. ಇಂಥ ಸುತ್ತನ್ನು ಸ್ವಿಚ್‌ಗಳು ತಾವೇ ಕಂಡುಹಿಡಿದು ಒಂದು ದಾರಿ ಮುಚ್ಚುವ ಉಪಾಯವನ್ನು 1985ರಲ್ಲಿ ಕೊಟ್ಟವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ. ಅದಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಅವರ ತಾಯಿಯೂ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದವರು. ಅವರ ಉಪಾಯ, ಅದರ ಸುಧಾರಿಸಿದ ರೂಪಗಳು ಇಂದಿಗೂ ಜಗತ್ತಿನ ಸ್ವಿಚ್‌ಗಳಲ್ಲಿ ಕೆಲಸ ಮಾಡುತ್ತಿವೆ. ನಮ್ಮ ತರಬೇತಿ ಕೋಣೆಯಲ್ಲಿ ಕೂತ ಹೆಣ್ಣುಮಕ್ಕಳೂ ಬರೀ ಟೈಪಿಂಗ್ ಕಲಿತು ಸುಮ್ಮನಾಗಬೇಕಿಲ್ಲ. ಸ್ವಿಚ್ ಜೋಡಿಸುವುದನ್ನೂ ಕಲಿಯಬಹುದು.

ಸಣ್ಣ ಕಚೇರಿಗೆ ಇಷ್ಟೆಲ್ಲ ಬೇಕೇನ್ರಿ?

ಒಂದೇ ಕಂಪ್ಯೂಟರ್ ಇರುವ ಸಂಘಕ್ಕೆ ಬೇಡ. ಅಲ್ಲಿ ಕೋಣೆಗೆ ಕೀಲಿ, ಒಳ್ಳೆಯ ಪಾಸ್‌ವರ್ಡ್, ವಾರಕ್ಕೊಮ್ಮೆ ಪ್ರತಿ ತೆಗೆದಿಡುವುದು ಸಾಕು. ನಾಲ್ಕೈದು ಯಂತ್ರಗಳಿದ್ದರೆ ಲೆಕ್ಕಕ್ಕೆ ಒಂದು ಓಣಿ, ಉಳಿದವರಿಗೆ ಒಂದು ಓಣಿ ಮಾಡಿಸಿ, ಖಾಲಿ ಪೋರ್ಟ್ ಬಂದ್ ಮಾಡಿಸಿ. ಹೊರಗಿನವರು ದಿನಾ ಬಂದುಹೋಗುವ, ಹಲವು ಕೋಣೆಗಳಲ್ಲಿ ತಂತಿ ಇರುವ ಕಚೇರಿಯಾದರೆ ಮಾತ್ರ 802.1ಎಕ್ಸ್ ಕಾವಲಿಗೆ ಖರ್ಚು ಮಾಡುವುದು ಸರಿ. ಸಾಲ ಮಾಡುವಾಗ ಹೇಳುತ್ತೇವಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಇಷ್ಟು ಮಾಡಿಯೂ ಮೋಸವಾಗಿ ಯಾರದಾದರೂ ಖಾತೆಯಿಂದ ದುಡ್ಡು ಹೋದರೆ ನಾಚಿಕೊಂಡು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು.

ಮುಂದಿನ ಸಭೆಯಲ್ಲಿ ಚರ್ಚಿಸಿ

- ನಮ್ಮ ಸಂಘದ ಮತ್ತು ಒಕ್ಕೂಟದ ಮಾಹಿತಿ ಯಾವ ಕಂಪ್ಯೂಟರಿನಲ್ಲಿ ಇದೆ? ಅದನ್ನು ಯಾರು ಯಾರು ತೆರೆಯಬಲ್ಲರು?
- ಕಚೇರಿಯ ಸ್ವಿಚ್ ಎಲ್ಲಿದೆ? ಎಲ್ಲರ ಕೈಗೆ ಸಿಗುವಂತೆ ಇದೆಯೇ, ಕೀಲಿ ಹಾಕಿದ ಕಪಾಟಿನಲ್ಲಿ ಇದೆಯೇ?
- ಖಾಲಿ ಪೋರ್ಟಿಗೆ ಯಾರಾದರೂ ತಂತಿ ಚುಚ್ಚಿದರೆ ಏನಾಗುತ್ತದೆ? ಲೆಕ್ಕದ ಯಂತ್ರ ಕಾಣುತ್ತದೆಯೇ?
- ಸ್ವಿಚ್ಚಿನ ಪಾಸ್‌ವರ್ಡ್ ಜೋಡಿಸಿದವರ ಹತ್ತಿರ ಮಾತ್ರ ಇದೆಯೇ? ಲಕೋಟೆಯಲ್ಲಿ ಮುಚ್ಚಿ, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆಯೇ?
- ಕೆಲಸ ಬಿಟ್ಟವರ ಹೆಸರು ಇನ್ನೂ ಪಟ್ಟಿಯಲ್ಲಿ ಇದೆಯೇ?

ಸಹೋದರಿಯರೇ, ವಾರಕ್ಕೆ ಹತ್ತು ರೂಪಾಯಿ ಉಳಿಸಿ ಶುರು ಮಾಡಿದ ಸಂಘಗಳು ಇಂದು ಲಕ್ಷಗಟ್ಟಲೆ ವ್ಯವಹಾರ ಮಾಡುತ್ತಿವೆ. ಆ ಹತ್ತು ರೂಪಾಯಿಗೆ ಅಂದು ಹಾಕಿದ ಕೀಲಿಯನ್ನು ಇಂದಿನ ಲೆಕ್ಕಕ್ಕೂ ಹಾಕೋಣ. ಮುಂದಿನ ಸಲ ಒಕ್ಕೂಟದ ಕಚೇರಿಗೆ ಹೋದಾಗ ಆ ಹಸಿರು ದೀಪದ ಡಬ್ಬಿಯ ಮುಂದೆ ಒಂದು ನಿಮಿಷ ನಿಂತು, "ಇದಕ್ಕ ಬಾಗಲಾ ಐತೇನ್ರಿ?" ಅಂತ ಕೇಳಿ ಬನ್ನಿ.